ಸಹಾಯ ಬೇಕು: ಮಕ್ಕಳ ರಕ್ಷಣೆಯ ಸುದ್ದಿ, ಸಂಶೋಧನೆಗೆ ಕನ್ನಡ ಸಾರಾಂಶ ಬರೆಯುವವರು

ಜಿಲ್ಲೆಗಳ ಸಮಾಜಕಾರ್ಯಕರ್ತರಿಗೆ ವಾಟ್ಸಾಪ್‌ನಲ್ಲಿ ವಾರಕ್ಕೊಮ್ಮೆ ಕಳಿಸುವ ಟಿಪ್ಪಣಿಗಳಿಗೆ ಇನ್ನಿಬ್ಬರು ಬೇಕು. ಒಂದೊಂದೂ 120 ಪದದೊಳಗೆ: ಅಧ್ಯಯನ ಎಲ್ಲಿ, ಯಾವಾಗ, ಎಷ್ಟು ಜನರ ಮೇಲೆ, ಮೂಲದ ಲಿಂಕ್. ಎನ್‌ಎಫ್‌ಎಚ್‌ಎಸ್-5ರ (ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು) ಅಂಕಿ ಕೊಟ್ಟರೆ 2019-21 ಎಂದು ಬರೆಯಲೇಬೇಕು, ಇಲ್ಲದಿದ್ದರೆ ಈ ವರ್ಷದ್ದೆಂದೇ ಓದಿಕೊಳ್ಳುತ್ತಾರೆ.

ಪತ್ರಿಕೆ ತುಣುಕಿನ ಫೋಟೊ ದಯವಿಟ್ಟು ಹಾಗೇ ಫಾರ್ವರ್ಡ್ ಮಾಡಬೇಡಿ. ಮಗುವಿನ ಮುಖ ಮಸುಕು ಮಾಡಿದರೆ ಸಾಲದು. ಊರು, ಶಾಲೆ, ತಂದೆಯ ಹೆಸರು ಸೇರಿದರೆ ಮಗು ಯಾರೆಂದು ಗೊತ್ತಾಗಿಬಿಡುತ್ತದೆ. ಬಾಲನ್ಯಾಯ ಕಾಯ್ದೆ 2015ರ ಕಲಂ 74 ಇದನ್ನೇ ನಿಷೇಧಿಸಿದೆ.

ಈಗ ತುರ್ತಾಗಿ ಬೇಕಿರುವುದು ಹಳೆಯ ನುಡಿ ಫಾಂಟಿನ ಪಿಡಿಎಫ್‌ಗಳನ್ನು ಯೂನಿಕೋಡ್‌ಗೆ ತರಬಲ್ಲವರು. ನೇರ ನಕಲಿಸಿದರೆ ಅಕ್ಷರಗಳು ಕಲಸಿಹೋಗುತ್ತವೆ. ಪರಿವರ್ತಿಸಿದ ಮೇಲೂ ಒತ್ತಕ್ಷರ, ಅರ್ಕಾವತ್ತುಗಳನ್ನು ಸಾಲುಸಾಲಾಗಿ ನೋಡಬೇಕು. ಬರುವವರು ಇಲ್ಲೇ ತಿಳಿಸಿ.