ಪದಚರ್ಚೆ: ವರ್ಷಗಳು ಕಳೆದಂತೆ ಬದಲಾಗುವ ಒಗರಿಗೆ ಯಾವ ಕ್ರಿಯಾಪದ?

ಮಾನ್ಯರೇ,

ಇಟಲಿಯ ಪಿಯೆಮೊಂತೆ ಪ್ರಾಂತದ ಊಟದ ಪದ್ಧತಿಯನ್ನು ಕುರಿತು ಕನ್ನಡದಲ್ಲಿ ಒಂದು ಲೇಖನ ಸಿದ್ಧಪಡಿಸುತ್ತಿದ್ದೇನೆ. ಬಹುವರ್ಷ ಇಟ್ಟು ಕುಡಿಯುವ ಕೆಂಪು ವೈನುಗಳನ್ನು, ಮುಖ್ಯವಾಗಿ ಬರೋಲೊವನ್ನು, ರಾತ್ರಿಯೂಟದ ಪದಾರ್ಥಗಳ ಜೊತೆಗೆ ರುಚಿ ನೋಡುವ ಬಗೆಯನ್ನು ವಿವರಿಸುವ ಭಾಗ ಅದರಲ್ಲಿದೆ. ನಾಮಪದಗಳಲ್ಲಿ ನನಗೆ ಹೆಚ್ಚಿನ ತೊಡಕಿಲ್ಲ. 'ದ್ರಾಕ್ಷಾರಸ' ಎಂಬ ಮಾತು ಬೈಬಲಿನ ಅನುವಾದದಲ್ಲಿ ನೆಲೆಗೊಂಡಿದ್ದರೂ ಹಣ್ಣಿನಂಗಡಿಯಲ್ಲಿ ಅದಕ್ಕೆ ಬೇರೆಯೇ ಅರ್ಥ ಬಂದಿರುವುದರಿಂದ 'ವೈನು' ಎಂದೇ ಬರೆಯುತ್ತಿದ್ದೇನೆ. ನನ್ನನ್ನು ಕಾಡುತ್ತಿರುವುದು ಒಂದು ಕ್ರಿಯಾಪದ.

ಮೊದಲು ವಸ್ತುಸ್ಥಿತಿಯನ್ನು ಹೇಳಬೇಕು. ಬರೋಲೊ ವೈನನ್ನು ನೆಬ್ಬಿಯೋಲೊ ಎಂಬ ಒಂದೇ ತಳಿಯ ದ್ರಾಕ್ಷಿಯಿಂದ ಮಾಡುತ್ತಾರೆ. ಅದರ ಬಣ್ಣ ತೆಳು, ಹುಳಿ ಹೆಚ್ಚು, ಸಿಪ್ಪೆ ಬೀಜಗಳಿಂದ ಇಳಿಯುವ, ಬಾಯಿ ಹಿಡಿಸುವ ಟ್ಯಾನಿನ್ ಎಂಬ ಅಂಶ ಇನ್ನೂ ಹೆಚ್ಚು. ಕೊಯ್ಲಿನ ವರ್ಷದ ನವೆಂಬರ್ 1ರಿಂದ ಎಣಿಸಿ ಕನಿಷ್ಠ 38 ತಿಂಗಳು, ಅದರೊಳಗೆ 18 ತಿಂಗಳು ಮರದ ಪೀಪಾಯಿಯಲ್ಲಿ, ಇರಿಸಿದ ಮೇಲೆಯೇ ಅದನ್ನು ಮಾರುಕಟ್ಟೆಗೆ ಬಿಡಬೇಕೆಂಬುದು ನಿಯಮ. 'ರಿಸೆರ್ವಾ' ಎಂದು ಚೀಟಿ ಹಚ್ಚಬೇಕಾದರೆ 62 ತಿಂಗಳು. ಅಷ್ಟು ಕಾದ ಮೇಲೂ ಹೊಸದಾಗಿ ಬಂದ ಬರೋಲೊವನ್ನು ಒಂದು ಗುಟುಕು ಕುಡಿದರೆ ನಾಲಿಗೆ, ಒಸಡು, ಕೆನ್ನೆಯ ಒಳಭಾಗ ಎಲ್ಲವನ್ನೂ ಅದು ಹಿಡಿಯುತ್ತದೆ. ಇಟಲಿಯವರು ಇದಕ್ಕೆ 'ಅಲ್ಲಪ್ಪಾಂತೆ' ಎನ್ನುತ್ತಾರೆ. ಬಲಿಯದ ಪರ್ಸಿಮನ್ ಹಣ್ಣು ಕಚ್ಚಿದಾಗಲೂ ಅವರ ಬಾಯಲ್ಲಿ ಬರುವ ಮಾತು ಅದೇ. ನಮ್ಮ 'ಒಗರು' ಇದಕ್ಕೆ ಕೂದಲೆಳೆಯ ವ್ಯತ್ಯಾಸವಿಲ್ಲದೆ ಸಲ್ಲುತ್ತದೆ. ಆರು ರಸಗಳಲ್ಲಿ ಒಂದೆಂದು ಅದನ್ನು ಎಣಿಸಿಕೊಂಡು ಬಂದ ನಮಗೆ ಇಲ್ಲಿ ಪದ ಹುಡುಕುವ ಕಷ್ಟವೇ ಇಲ್ಲ. ಮಲೆನಾಡಿನಲ್ಲಿ ಅಡಿಕೆ ಬೇಯಿಸಿ ಉಳಿಯುವ ಕೆಂಗಂದು ನೀರಿಗೆ 'ಚೊಗರು' ಎನ್ನುವುದೂ ಉಂಟು. ಅದರ ಒಗರಿಗೂ ದ್ರಾಕ್ಷಿ ಸಿಪ್ಪೆಯ ಒಗರಿಗೂ ಕಾರಣ ಒಂದೇ ಕುಲದ ಟ್ಯಾನಿನ್‌ಗಳು.

ಇನ್ನು ಪ್ರಶ್ನೆ. ಇದೇ ಬರೋಲೊವನ್ನು ಹದಿನೈದು ಇಪ್ಪತ್ತು ವರ್ಷ ತಂಪಾದ ಕತ್ತಲೆಯಲ್ಲಿ ಮಲಗಿಸಿಟ್ಟರೆ ಅದರ ಒಗರಿಗೆ ಏನೋ ಆಗುತ್ತದೆ. ಆ 'ಆಗುವುದನ್ನು' ಕನ್ನಡದಲ್ಲಿ ಏನೆಂದು ಹೇಳಬೇಕು?

'ಒಗರು ಇಳಿಯುತ್ತದೆ' ಎಂದು ಮೊದಲು ಬರೆದುಕೊಂಡೆ. ಓದಲು ಸಲೀಸಾಗಿದೆ, ಆದರೆ ಅದು ಪ್ರಮಾಣವನ್ನು ಮಾತ್ರ ಹೇಳುತ್ತದೆ. ನಿಜವಾಗಿ ನಡೆಯುವುದೇನೆಂದರೆ, ಟ್ಯಾನಿನ್ ಅಣುಗಳು ತಮ್ಮತಮ್ಮಲ್ಲೂ ಬಣ್ಣದ ಅಣುಗಳೊಂದಿಗೂ ಕೂಡಿಕೊಂಡು ದೊಡ್ಡದಾಗುತ್ತವೆ, ಅವುಗಳಲ್ಲಿ ಒಂದಷ್ಟು ಸೀಸೆಯ ತಳದಲ್ಲಿ ಗಷ್ಟಾಗಿ ನಿಲ್ಲುತ್ತವೆ, ಉಳಿದವು ನಾಲಿಗೆಯನ್ನು ಹಿಡಿಯುವ ರೀತಿಯೇ ಬೇರೆಯಾಗುತ್ತದೆ. ಹುಳಿ ಹೆಚ್ಚೇನೂ ತಗ್ಗುವುದಿಲ್ಲ. ಬಣ್ಣ ಮಾಣಿಕ್ಯದಿಂದ ಇಟ್ಟಿಗೆಯ ಕಡೆಗೆ ತಿರುಗುತ್ತದೆ, ಒಣಗಿದ ಗುಲಾಬಿಯ, ಡಾಂಬರಿನ, ಅಣಬೆಯ ವಾಸನೆಗಳು ಮುಂದೆ ಬರುತ್ತವೆ. ಒಗರು ಇದ್ದೇ ಇರುತ್ತದೆ, ಒರಟುತನ ಮಾತ್ರ ಇರುವುದಿಲ್ಲ.

'ಮಾಗು' ಎಂಬುದು ಬಹುಮಂದಿ ಸೂಚಿಸುವ ಪದ, ಮತ್ತು 'ಮಾಗಿದ ವೈನು' ಎಂಬುದಕ್ಕೆ ನನ್ನ ತಕರಾರಿಲ್ಲ. 'ಹಳೆಯ ವೈನು' ಎನ್ನುವುದಕ್ಕಿಂತ ಅದು ಮೇಲು, ಏಕೆಂದರೆ ಹಳೆಯ ಅಕ್ಕಿ, ಹಳೆಯ ಹುಣಸೆಹಣ್ಣು ಎಂಬಲ್ಲಿ 'ಹಳೆಯ' ಎಂಬುದು ಹೊಗಳಿಕೆಯಾದರೂ ಅದರ ಪಕ್ಕದಲ್ಲೇ 'ಹಳಸು' ಕುಳಿತಿದೆ. ಆದರೆ 'ಒಗರು ಮಾಗಿದೆ' ಎಂದೊಡನೆ ಓದುಗರು ಅದರ ಹಿಂದೆಯೇ ಸಿಹಿಯನ್ನು ನಿರೀಕ್ಷಿಸುತ್ತಾರೆ. ಕಾಯಿ ಮಾಗಿದರೆ ಒಗರು ಹೋಗಿ ಸಿಹಿ ಬರಬೇಕಲ್ಲವೆ? ಹಳೆಯ ಬರೋಲೊದಲ್ಲಿ ಸಿಹಿ ಎಂಬುದು ಇಲ್ಲ.

'ಮುರಿ' ಎಂಬುದನ್ನೂ ಯೋಚಿಸಿದೆ. ಹುಳಿ ಮುರಿಯಲು ಬೆಲ್ಲ ಹಾಕು ಎನ್ನುವ ಅಡುಗೆಮನೆಯ ಮಾತು ಇದು. ನನ್ನ ಅಭಿಪ್ರಾಯದಲ್ಲಿ ಈ ಪದವನ್ನು ಕಾಲಕ್ಕೆ ಬಳಸದೆ ಊಟಕ್ಕೆ ಮೀಸಲಿಡಬೇಕು. ಪಿಯೆಮೊಂತೆಯಲ್ಲಿ ದನದ ಮಾಂಸವನ್ನು ಅದೇ ವೈನಿನಲ್ಲಿ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸುವ 'ಬ್ರಸಾತೊ ಅಲ್ ಬರೋಲೊ' ಎಂಬ ಅಡುಗೆಯಿದೆ. ಅದನ್ನಾಗಲಿ ಗಟ್ಟಿ ಚೀಸನ್ನಾಗಲಿ ತಿನ್ನುತ್ತ ಎಳೆಯ ಬರೋಲೊ ಕುಡಿದರೆ, ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳಬೇಕಾದ ಟ್ಯಾನಿನ್ ತಿನಿಸಿನ ಪ್ರೋಟೀನಿಗೆ ಅಂಟಿಕೊಂಡು ಬಾಯಿ ಹಿಡಿಯುವುದು ಕಡಿಮೆಯಾಗುತ್ತದೆ. ಬಾಳೆಹೂವನ್ನು ಹೆಚ್ಚಿ ಮಜ್ಜಿಗೆಯಲ್ಲಿ ಹಾಕಿಡುವವರು ಮಾಡುವುದೂ ಬಹುಮಟ್ಟಿಗೆ ಇದೇ ಕೆಲಸ. ಇಲ್ಲಿ ಒಗರನ್ನು ಮುರಿಯುವುದು ತಿನಿಸು, ಅದೂ ಆ ಗಳಿಗೆಯ ಮಟ್ಟಿಗೆ. ಅದೇ ಇಪ್ಪತ್ತು ವರ್ಷದ ಬರೋಲೊಗೆ ಮುರಿಯುವ ತಿನಿಸು ಬೇಕಾಗುವುದಿಲ್ಲ. ಮೊಟ್ಟೆಯ ಹಳದಿ ಧಾರಾಳವಾಗಿ ಹಾಕಿದ 'ತಯರಿನ್' ಎಂಬ ಸಣ್ಣ ಎಳೆಯ ಪಾಸ್ತಾಕ್ಕೆ ಬೆಣ್ಣೆ ಸವರಿ, ಶರತ್ಕಾಲವಾದರೆ ಆಲ್ಬಾ ಊರಿನ ಬಿಳಿ ಟ್ರಫಲ್ ಎಂಬ ನೆಲದಡಿಯ ಅಣಬೆಯನ್ನು ತುರಿದು, ಅದರೊಂದಿಗೆ ಕೊಡುವುದೇ ಸಾಕು. ಭಾರಿ ಮಸಾಲೆಯ ತಿನಿಸನ್ನು ಮುಂದಿಟ್ಟರೆ ಹಳೆಯ ವೈನಿನ ವಾಸನೆಗಳು ಕೇಳಿಸುವುದೇ ಇಲ್ಲ. ಊಟ ಮತ್ತು ಕಾಲ ಒಗರಿನ ಮೇಲೆ ಮಾಡುವ ಕೆಲಸಗಳು ಬೇರೆಬೇರೆಯಾದ್ದರಿಂದ ಎರಡಕ್ಕೂ ಒಂದೇ ಕ್ರಿಯಾಪದ ಬಳಸಿದರೆ ಲೇಖನ ಹಾದಿ ತಪ್ಪುತ್ತದೆ.

ನನ್ನ ಮನಸ್ಸು ಒಲಿದಿರುವುದು 'ಪಳಗು' ಎಂಬುದರತ್ತ. ಪಳಗಿದ ಆನೆಗೆ ಬಲ ಕುಂದಿರುವುದಿಲ್ಲ. 'ಪಳಗಿದ ಒಗರು' ಎಂದರೆ ಬಲವೂ ಉಳಿದಿದೆ, ಎಗರಾಟವೂ ನಿಂತಿದೆ ಎಂಬ ಎರಡೂ ಅರ್ಥ ಬರುತ್ತದೆ. ಆದರೆ ಇಲ್ಲೊಂದು ತೊಡಕಿದೆ. ಇಟಲಿಯ ನಿಯಮಾವಳಿಗಳು ಎರಡು ಪದ ಬಳಸುತ್ತವೆ: ಮುದಿಯಾಗುವುದು ಎಂಬ ಮೂಲಾರ್ಥದ 'ಇನ್ವೆಕ್ಕಿಯಮೆಂತೊ' ಮತ್ತು ಸೀಸೆಗೆ ತುಂಬಿದ ಮೇಲಿನ ಅವಧಿಗೆ 'ಅಫಿನಮೆಂತೊ', ಅಂದರೆ ನಯವಾಗುವುದು. ಟಸ್ಕನಿ ಪ್ರಾಂತದ ಕೆಂಪು ವೈನಾದ ಬ್ರುನೆಲ್ಲೊ ದಿ ಮೊಂತಾಲ್ಚಿನೊಗೆ ಮರದಲ್ಲಿ ಕನಿಷ್ಠ ಎರಡು ವರ್ಷ, ಸೀಸೆಯಲ್ಲಿ ಕನಿಷ್ಠ ನಾಲ್ಕು ತಿಂಗಳು ಎಂಬ ವಿಧಿ ಈ ಎರಡನ್ನೂ ಬೇರ್ಪಡಿಸಿಯೇ ಹೇಳುತ್ತದೆ. ಮರದ ಹಂತಕ್ಕೆ 'ಪಳಗು', ಸೀಸೆಯ ಹಂತಕ್ಕೆ 'ನವಿರಾಗು' ಎಂದಿಟ್ಟುಕೊಳ್ಳಬಹುದೇ?

ಜೊತೆಗೆ ಒಂದು ಚಿಕ್ಕ ಉಪಪ್ರಶ್ನೆ. ಊಟಕ್ಕೆ ತಕ್ಕ ವೈನನ್ನು ಕೂಡಿಸುವುದಕ್ಕೆ 'ಅನುಪಾನ' ಎಂಬ ಪದವನ್ನು ಮರಳಿ ತರಬಹುದೇ? ಈಗ ಅದು ಔಷಧಿಯ ಜೊತೆಗಿನ ಜೇನಿಗೋ ಹಾಲಿಗೋ ಸೀಮಿತವಾಗಿದೆ. ಚರಕಸಂಹಿತೆಯಲ್ಲಿ ಮಾತ್ರ ಅದು ಆಹಾರದ ಮೇಲೆ ಕುಡಿಯುವ ಪಾನವೇ ಆಗಿದ್ದು, ಆಹಾರದ ಗುಣಕ್ಕೆ ಪ್ರತಿಯಾದ ಗುಣವುಳ್ಳದ್ದಾಗಿಯೂ ಧಾತುಗಳಿಗೆ ವಿರೋಧವಲ್ಲದ್ದಾಗಿಯೂ ಇರಬೇಕೆಂದು ಹೇಳಿದೆ. 'ನೆಂಚಿಕೊಳ್ಳುವುದು' ಸೊಗಸಾದ ಪದವಾದರೂ ಅದರಲ್ಲಿ ಒಂದು ಮುಖ್ಯ, ಇನ್ನೊಂದು ಪಕ್ಕದ್ದು ಎಂಬ ಭಾವವಿದೆ. ಪಿಯೆಮೊಂತೆಯ ಮೇಜಿನ ಮೇಲೆ ಹಾಗಿಲ್ಲ.

ನೆಲ್ಲಿಕಾಯಿಯನ್ನು ತಿಂಗಳುಗಟ್ಟಲೆ ಉಪ್ಪುನೀರಿನಲ್ಲಿಡುವವರು, ಚೊಗರು ಕಾಯಿಸುವ ಮನೆಗಳವರು, ಕರಾವಳಿ ಮತ್ತು ಉತ್ತರ ಕರ್ನಾಟಕದ ಆಡುಮಾತು ಬಲ್ಲವರು ಒಗರು ಹೀಗೆ ತಾನಾಗಿಯೇ ಸೌಮ್ಯವಾಗುವುದಕ್ಕೆ ಏನೆನ್ನುತ್ತಾರೆಂದು, ಸಾಧ್ಯವಾದರೆ ಪೂರ್ಣ ವಾಕ್ಯದೊಂದಿಗೆ, ತಿಳಿಸಬೇಕಾಗಿ ಕೋರುತ್ತೇನೆ. ನಾನು ತುಂಬಬೇಕಾಗಿರುವ ವಾಕ್ಯ ಇದು: "ಇಪ್ಪತ್ತು ವರ್ಷ ಕಳೆದ ಬರೋಲೊದಲ್ಲಿ ಹುಳಿ ಹಾಗೆಯೇ ಉಳಿದು ಒಗರು ಮಾತ್ರ ——."

ವಂದನೆಗಳೊಂದಿಗೆ.