‘ನ್ಯಾಯ’ ಅಂದ್ರೆ ಸಮಪಾಲೋ, ತಕ್ಕಪಾಲೋ?

ಬಲ್ಲವರಲ್ಲಿ ಒಂದು ಪ್ರಶ್ನೆ. ಸರಿ-ತಪ್ಪಿನ ಬಗ್ಗೆ ನಮಗಿರುವ ಅನಿಸಿಕೆಗಳು ನಮ್ಮ ರಾಜಕೀಯವನ್ನು ಹೇಗೆ ತಿದ್ದುತ್ತವೆ ಅನ್ನೋ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೊನಾಥನ್ ಹೈಟ್ ಮತ್ತು ಜೊತೆಗಾರರ ‘ಮಾರಲ್ ಫೌಂಡೇಶನ್ಸ್’ ವಾದದ ಸುತ್ತ, ಅಂದ್ರೆ ನಮ್ಮ ಸರಿ-ತಪ್ಪಿನ ಅನಿಸಿಕೆಗಳು ಕೆಲವು ಬುನಾದಿಗಳ ಮೇಲೆ ನಿಂತಿವೆ ಅನ್ನೋ ವಾದದ ಸುತ್ತ ಬರೆದದ್ದು. ಅವರು ಮೊದಲು ಗುರುತಿಸಿದ ಬುನಾದಿಗಳು ಐದು. ನಾಲ್ಕಕ್ಕೆ ಹೇಗೋ ಪದ ಹೊಂದಿಸಿದ್ದೇನೆ: ಅಕ್ಕರೆ, ನಿಷ್ಠೆ, ಹಿರಿತನಕ್ಕೆ ಮನ್ನಣೆ, ಪಾವಿತ್ರ್ಯ. (ಕೊನೆಯದಕ್ಕೆ ‘ಮಡಿ’ ಅನ್ನೋಣ ಅಂದ್ರೆ ಅದು ಬಚ್ಚಲು ಬಿಟ್ಟು ಆಚೆ ಬರೋದೇ ಇಲ್ಲ.) ಸಿಕ್ಕಿಹಾಕಿಕೊಂಡಿರೋದು ‘ಫೇರ್‌ನೆಸ್’ ಹತ್ತಿರ.

ಸುಮ್ನೆ ‘ನ್ಯಾಯ’ ಅಂತ ಬರೆದು ಮುಂದೆ ಹೋಗಬಹುದಿತ್ತು. ಆದರೆ ತೆರಿಗೆಯ ಬಗ್ಗೆ ಇಬ್ಬರು ಜಗಳಕ್ಕೆ ನಿಂತರು ಅಂದುಕೊಳ್ಳಿ. ಒಬ್ಬ ಕೇಳ್ತಾನೆ: “ನಾನು ದುಡಿದದ್ದನ್ನು ಕಿತ್ತು ದುಡಿಯದವನಿಗೆ ಕೊಡೋದು ಯಾವ ನ್ಯಾಯ?” ಇನ್ನೊಬ್ಬ ಕೇಳ್ತಾನೆ: “ಒಬ್ಬ ಹುಟ್ಟುತ್ತಲೇ ಎಲ್ಲ ಪಡೆದು ಬರ್ತಾನೆ, ಇನ್ನೊಬ್ಬನಿಗೆ ಏನೂ ಇಲ್ಲ, ಇದು ಯಾವ ನ್ಯಾಯ?” ಇಬ್ಬರದೂ ಒಂದೇ ಪದ. ಮೊದಲನೆಯವನ ತಲೆಯಲ್ಲಿರೋದು ‘ಮಾಡಿದ್ದುಣ್ಣೋ ಮಹರಾಯ’. ಎರಡನೆಯವನಿಗೆ ಚುಚ್ಚುತ್ತಿರೋದು ‘ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ’. ಇಬ್ಬರೂ ಎದುರಿನವನಿಗೆ ನ್ಯಾಯದ ಗಂಧವೇ ಇಲ್ಲ ಅಂದುಕೊಂಡು ಎದ್ದು ಹೋಗುತ್ತಾರೆ. ನಮ್ಮ ಕೆಲವು ಕಡೆಯ ಆಡುಮಾತಿನಲ್ಲಿ ‘ನ್ಯಾಯ’ ಅಂದರೆ ಜಗಳ ಅಂತಲೂ ಅರ್ಥ ಇದೆ ಅಲ್ವಾ, ಅದೇ ಇಲ್ಲಿ ಸರಿಹೊಂದುತ್ತೆ ಅನಿಸುತ್ತೆ!

ಈ ಗೊಂದಲ ಕನ್ನಡದ್ದು ಮಾತ್ರ ಅಲ್ಲ. 2009ರ ಲೇಖನವೊಂದರಲ್ಲಿ ಹೈಟ್ ಮತ್ತು ಜೊತೆಗಾರರು ಹೇಳಿದ್ದು ಹೀಗೆ: ಲಿಬರಲ್‌ಗಳು (ಉದಾರವಾದಿಗಳು) ಅಕ್ಕರೆ, ಫೇರ್‌ನೆಸ್ ಎರಡಕ್ಕೇ ಜಾಸ್ತಿ ಬೆಲೆ ಕೊಡುತ್ತಾರೆ, ಕನ್ಸರ್ವೇಟಿವ್‌ಗಳು (ಸಂಪ್ರದಾಯವಾದಿಗಳು) ಐದಕ್ಕೂ ಹೆಚ್ಚುಕಮ್ಮಿ ಒಂದೇ ಸಮ ಕೊಡುತ್ತಾರೆ. ಆದರೆ ‘ದುಡಿದವನಿಗೆ ದುಡಿದಷ್ಟು’ ಅನ್ನೋದೂ ಫೇರ್‌ನೆಸ್ಸೇ ತಾನೆ? ಆ ವಿಷಯದಲ್ಲಿ ಕನ್ಸರ್ವೇಟಿವ್‌ಗಳು ಹಿಂದೆ ಬೀಳುವವರಲ್ಲ. ಕೊನೆಗೆ 2023ರಲ್ಲಿ ಆ ಬುನಾದಿಯನ್ನು ಎರಡಾಗಿ ಒಡೆದರು. ಒಂದು ಎಲ್ಲರಿಗೂ ಸಮ ಅನ್ನೋದು, ಇನ್ನೊಂದು ಅವರವರ ಕೆಲಸಕ್ಕೆ ತಕ್ಕಂತೆ ಅನ್ನೋದು.

ಈ ಎರಡಕ್ಕೂ ಪದ ಬೇಕು. ‘ಸಮಾನತೆ’, ‘ಅನುಪಾತ’ ಅಂದ್ರೆ ಎರಡನೆಯದು ಗಣಿತದ ಪಾಠ ಆಗಿಬಿಡುತ್ತೆ. ‘ಸಮಪಾಲು’ ಆಗಲೇ ಬಳಕೆಯಲ್ಲಿದೆ. ಅದಕ್ಕೆ ಜೋಡಿಯಾಗಿ ‘ತಕ್ಕಪಾಲು’ ಅಂತ ಕಟ್ಟಿದ್ದೇನೆ. ತೊಡಕು ಏನಂದ್ರೆ, ಈ ಎರಡನೆಯ ಬುನಾದಿಯಲ್ಲಿ ಮಾತು ಬರೀ ಪಾಲಿನದಲ್ಲ, ಶಿಕ್ಷೆಯದೂ ಹೌದು. ತಪ್ಪು ಮಾಡಿದವನಿಗೆ ‘ತಕ್ಕ ಶಾಸ್ತಿ’ ಆಗಬೇಕು ಅನ್ನುತ್ತೇವೆ, ‘ತಕ್ಕಪಾಲು’ ಆಗಬೇಕು ಅನ್ನಲ್ಲ. ಪಾಲನ್ನೇ ಕೈಬಿಟ್ಟು ‘ತಕ್ಕುದು’ ಅಂತ ಇಟ್ಟರೆ ಹೇಗೆ? ಹಳಗನ್ನಡದಲ್ಲಿ ಅದಕ್ಕೆ ‘ಯೋಗ್ಯವಾದದ್ದು’ ಅನ್ನೋ ಅರ್ಥ ಇದೆ, ಆದರೆ ಇವತ್ತಿನ ಓದುಗರ ಕಿವಿಗೆ ಅದು ಮುಗಿಯದ ಮಾತಿನ ಹಾಗೆ ಕೇಳುತ್ತೇನೋ. ಪಾಲಿಗೂ ಶಾಸ್ತಿಗೂ ಎರಡಕ್ಕೂ ಒಗ್ಗುವ ಪದ ನಿಮ್ಮ ಕಡೆಯ ಮಾತಿನಲ್ಲಿ ಇದ್ದರೆ ತಿಳಿಸಿ, ಹೇಗೆ ಬಳಸುತ್ತಾರೆ ಅನ್ನೋದಕ್ಕೆ ಒಂದು ವಾಕ್ಯವನ್ನೂ ಜೊತೆಗಿಡಿ.