ವಾರ್ಡಿನಿಂದ ಆಡಳಿತದ ಕುರ್ಚಿಗೆ: ಹೋದವರು ಅನುಭವ ಹೇಳಿ

ಪ್ರಶ್ನೆ ಕೇಳಿದವರು, ವಾರ್ಡ್ ಉಸ್ತುವಾರಿ ಶುಶ್ರೂಷಕಿ:

ನಮ್ಮ ಆಸ್ಪತ್ರೆಯಲ್ಲಿ ಶುಶ್ರೂಷಾ ಸೇವೆಯ ಉಪನಿರ್ದೇಶಕಿ ಹುದ್ದೆಗೆ ನನ್ನ ಹೆಸರು ಕೇಳಿಬರುತ್ತಿದೆ. ಮುಂದೆ ಆಡಳಿತ ಮಂಡಳಿಯವರೆಗೂ ಒಯ್ಯುವ ದಾರಿ ಅದು ಎನ್ನುತ್ತಾರೆ. ಮನಸ್ಸು ಒಪ್ಪುತ್ತಿಲ್ಲ, ಬಿಡುತ್ತಲೂ ಇಲ್ಲ. ಈ ಕೆಲಸ ದೇವರು ಒಪ್ಪಿಸಿದ್ದು ಎಂದು ನಂಬಿ ಮಾಡಿದವಳು ನಾನು. ರೋಗಿಯ ಪಕ್ಕ ಬಿಟ್ಟು ಕಡತಗಳ ಪಕ್ಕ ಕೂತರೆ ಆ ನಂಬಿಕೆ ಏನಾಗುತ್ತದೆ? ಹೋಗಬೇಕೆನ್ನಿಸುವುದಕ್ಕೆ ಕಾರಣವೂ ಇದೆ. ನಮ್ಮಲ್ಲಿ ಗುಣವಾಗಿ ಮನೆಗೆ ಹೋದವರಲ್ಲಿ ಕೈಯಲ್ಲಿ ಕಾಸಿಲ್ಲದವರೇ ಅದೇ ಕಾಯಿಲೆ ಹೊತ್ತು ಮತ್ತೆ ಮತ್ತೆ ಬರುತ್ತಾರೆ. ವಾರ್ಡಿನಲ್ಲಿ ನಿಂತು ಇದನ್ನು ತಡೆಯಲಾಗುವುದಿಲ್ಲ. ಮೇಲೆ ಹೋದರೆ ಆಗುತ್ತದೆಯೇ, ಅಥವಾ ಅಲ್ಲಿಗೆ ಹೋದವರೂ ಸುಮ್ಮನಾಗಿಬಿಡುತ್ತಾರೆಯೇ? ನೀವೆಲ್ಲ ಕುಸಿಯದೆ ನಿಂತದ್ದು ಹೇಗೆ? ಮುಚ್ಚುಮರೆಯಿಲ್ಲದೆ ಹೇಳಿ.

ಶುಶ್ರೂಷಾ ನಿರ್ದೇಶಕಿ:

ಹೋಗಿ ಸಿಸ್ಟರ್. ಹೋಗುವಾಗ ಕೈಯಲ್ಲೊಂದು ಲೆಕ್ಕದ ಹಾಳೆ ಇರಲಿ.

ನಾನು ಆ ಮೇಜಿಗೆ ಹೊಸಬಳಾಗಿದ್ದಾಗ ಮಧುಮೇಹದ ಹೊರರೋಗಿ ವಿಭಾಗದಿಂದ ಒಂದು ಟಿಪ್ಪಣಿ ಬಂತು. ದಿನಾಂಕ ಕೊಟ್ಟರೂ ಬಾರದವರು ಹೆಚ್ಚುತ್ತಿದ್ದಾರೆ, ರೋಗಿಗಳಿಗೆ ಜವಾಬ್ದಾರಿಯಿಲ್ಲ, ತಿಳಿವಳಿಕೆ ಶಿಬಿರ ನಡೆಸೋಣ ಎಂಬುದು ಅದರ ಸಾರ. ಶಿಬಿರವೆಂದರೆ ಆಡಳಿತಕ್ಕೆ ಬಲು ಪ್ರೀತಿ. ಬ್ಯಾನರ್ ಕಟ್ಟಬಹುದು, ಫೋಟೊ ತೆಗೆಸಬಹುದು. ನಾನು ಬಾರದವರ ಹೆಸರುಗಳನ್ನು ತರಿಸಿಕೊಂಡು ವಾರ್ಡಿನ ಇಬ್ಬರು ಶುಶ್ರೂಷಕಿಯರಿಂದ ಫೋನ್ ಮಾಡಿಸಿದೆ. ಕೇಳಿಸಿದ್ದು ಎರಡೇ ಪ್ರಶ್ನೆ: ಏನು ಕೆಲಸ ಮಾಡುತ್ತೀರಿ, ಇಲ್ಲಿಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ. ಬಹುಪಾಲು ಜನ ದಿನಗೂಲಿಯವರು. ಬೆಳಿಗ್ಗೆ ಬಂದು ಸರದಿಯಲ್ಲಿ ಕೂತರೆ ಅವತ್ತಿನ ಕೂಲಿ ಹೋಯಿತು. ಅದರ ಮೇಲೆ ರಕ್ತ ಪರೀಕ್ಷೆಗೆ ಒಂದು ದಿನ, ಕಣ್ಣಿಗೆ ಇನ್ನೊಂದು, ಪಾದಕ್ಕೆ ಮತ್ತೊಂದು. ಇವರಿಗೆ ಶಿಬಿರದಲ್ಲಿ ಏನನ್ನು ತಿಳಿಸುವುದು?

ವಾರಕ್ಕೊಂದು ಸಂಜೆ ಮೂರೂ ತಪಾಸಣೆ ಒಂದೇ ಕಡೆ ಆಗಲಿ ಎಂದು ಮಂಡಳಿಯ ಮುಂದಿಟ್ಟೆ. ‘ನ್ಯಾಯ’, ‘ಸಮಾನತೆ’ ಎಂಬ ಮಾತುಗಳನ್ನು ಎತ್ತಲೇ ಇಲ್ಲ. ಖಾಲಿ ಹೋದ ವೈದ್ಯರ ಹೊತ್ತಿಗೆ ಎಷ್ಟು ಖರ್ಚು, ಪಾದದ ಹುಣ್ಣು ಕೊಳೆತು ದಾಖಲಾದವರ ಹಾಸಿಗೆಗೆ ಎಷ್ಟು ಖರ್ಚು ಎಂಬುದನ್ನು ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆದಿದ್ದೆ. ಮೊದಲು ನನ್ನ ಪರ ಮಾತನಾಡಿದವರು ಹಣಕಾಸು ಅಧಿಕಾರಿ! ಭಾವನೆಯ ಮಾತೆಂದು ತಳ್ಳಿಹಾಕಲು ಅಲ್ಲಿ ಯಾರಿಗೂ ಎಡೆಯಿರಲಿಲ್ಲ.

ಬ್ರಿಟನ್ನಿನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಬರೆದಿಟ್ಟಿದ್ದಾರೆ: ಒಳ್ಳೆಯ ಚಿಕಿತ್ಸೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಕಡಿಮೆ ಸಿಗುತ್ತದೆ. ಇದಕ್ಕೆ ಯಾರೂ ಕೆಟ್ಟವರಾಗಬೇಕಿಲ್ಲ. ಹೊರರೋಗಿ ವಿಭಾಗದ ವೇಳಾಪಟ್ಟಿಯೊಂದೇ ಸಾಕು.

ನಂಬಿಕೆಯ ಬಗ್ಗೆ ಕೇಳಿದ್ದೀರಿ. ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ನಮಗೆಲ್ಲ ದೀಪ ಹಿಡಿದ ಚಿತ್ರವನ್ನೇ ತೋರಿಸಿ ಕೂರಿಸಿದ್ದಾರೆ. ದೇವರು ತನ್ನನ್ನು ಸೇವೆಗೆ ಕರೆದನೆಂದು 1837ರಲ್ಲಿ ನಂಬಿದ ಆಕೆಯೇ ಕ್ರಿಮಿಯಾ ಯುದ್ಧದ ಸಾವುಗಳನ್ನು ಎಣಿಸಿ, ಬಣ್ಣದ ರೇಖಾಚಿತ್ರ ಬಿಡಿಸಿ, ಗಾಯದಿಂದ ಸತ್ತ ಸೈನಿಕರಿಗಿಂತ ತಡೆಯಬಹುದಾಗಿದ್ದ ಕಾಯಿಲೆಗಳಿಂದ ಸತ್ತವರೇ ಬಹಳ ಹೆಚ್ಚು ಎಂದು ಸರ್ಕಾರದ ಕಣ್ಣಿಗೆ ಹಿಡಿದವಳು. ಕಡತದ ಪಕ್ಕ ಕೂತದ್ದರಿಂದ ಆಕೆಯ ನಂಬಿಕೆಗೇನೂ ಕುಂದಾಗಲಿಲ್ಲ.

ರಾತ್ರಿ ಪಾಳಿಯ ಶುಶ್ರೂಷಕಿ:

ಕೆಳಗಿರುವವಳಾಗಿ ಒಂದು ಮಾತು. ಮೇಲೆ ಹೋದ ಮೇಲೆ ವಾರ್ಡಿಗೆ ಬರುವುದಾದರೆ ಬೆಳಗಿನ ಹನ್ನೊಂದಕ್ಕೆ ಬರಬೇಡಿ. ಆ ಹೊತ್ತಿಗೆ ಹಾಸಿಗೆಯ ಹೊದಿಕೆಗಳೆಲ್ಲ ನೆಟ್ಟಗಿರುತ್ತವೆ. ರಾತ್ರಿ ಮೂರಕ್ಕೆ ಬನ್ನಿ. ಒಬ್ಬಳು ಡ್ರಿಪ್ ಬದಲಿಸುತ್ತಿರುತ್ತಾಳೆ, ಆಚೆ ಹಾಸಿಗೆಯಿಂದ ಗಂಟೆ ಬಾರಿಸುತ್ತಿರುತ್ತದೆ, ಇನ್ನೊಬ್ಬ ರೋಗಿ ಶೌಚಾಲಯಕ್ಕೆ ತಾನೇ ಎದ್ದು ಹೊರಟಿರುತ್ತಾನೆ. ಎಷ್ಟು ಜನ ಬೇಕೆಂದು ಆಗ ಯಾರೂ ನಿಮಗೆ ಹೇಳಬೇಕಾಗುವುದಿಲ್ಲ.

ಮಾಜಿ ಶುಶ್ರೂಷಾ ಅಧೀಕ್ಷಕಿ:

ನಾನು ದೈವಭಕ್ತೆ. ಪಾಳಿ ಶುರುವಾಗುವ ಮುನ್ನ ಬಟ್ಟೆ ಬದಲಿಸುವ ಕೋಣೆಯಲ್ಲಿ ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ, ಅಧೀಕ್ಷಕಿಯಾದ ಮೇಲೆ ಸಭೆಯ ಕೋಣೆಗೆ ಹೋಗುವ ಮುನ್ನವೂ ಅಷ್ಟೇ. ಬಾಗಿಲು ದಾಟಿದ ಮೇಲೆ ಅದು ನನ್ನೊಳಗೇ ಇರಬೇಕು. ರೋಗಿ ಕೇಳದೆ ಪ್ರಾರ್ಥನೆ ಬೇಡ, ಕೈಕೆಳಗಿನವರಿಂದಂತೂ ಬೇಡವೇ ಬೇಡ. ರಜೆ ಮಂಜೂರು ಮಾಡುವವಳು ಪ್ರಾರ್ಥನೆಗೆ ಕರೆದರೆ ಬಾರದೆ ಇರುವ ಧೈರ್ಯ ಯಾರಿಗಿದೆ?

ಎಚ್ಚರಿಕೆಯೊಂದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ನಂಬಿಕೆ ಮೇಲಿನವರಿಗೆ ಗೊತ್ತಾದರೆ ಅದನ್ನು ಬಳಸಿಕೊಳ್ಳುತ್ತಾರೆ. ಖಾಲಿ ಹುದ್ದೆ ತುಂಬಿ ಎಂದು ಕೇಳಿದಾಗಲೆಲ್ಲ ನನಗೆ ಸಿಕ್ಕ ಉತ್ತರ, ‘ನಿಮ್ಮದು ಸೇವೆ ಮೇಡಂ, ನಿಮ್ಮಂಥವರಿಂದಲೇ ಆಸ್ಪತ್ರೆ ನಡೆಯುತ್ತಿದೆ.’ ಕೇಳಲು ಹಿತವಾಗಿರುತ್ತದೆ. ಆದರೆ ಆ ತಿಂಗಳ ಪಾಳಿಪಟ್ಟಿಯಲ್ಲಿ ವಾರದ ರಜೆ ಕಳೆದುಕೊಳ್ಳುವವರು ಇಪ್ಪತ್ತೆರಡರ ಹುಡುಗಿಯರು. ಅವರ ರಜೆಯನ್ನು ದೇವರ ಹೆಸರಿನಲ್ಲಿ ಕಿತ್ತುಕೊಳ್ಳಲು ನನಗೆ ಹಕ್ಕಿಲ್ಲ. ಹಾಗಾಗಿ ಒಂದು ಸಭೆಯಲ್ಲಿ, ಸೇವೆಯ ಮಾತು ಬಂದೊಡನೆ, ಅದನ್ನು ನಡಾವಳಿಯಲ್ಲಿ ಬರೆಸಿ ಎಂದೆ: ‘ಆರು ಹುದ್ದೆ ಖಾಲಿಯಿದ್ದು, ಸೇವಾ ಮನೋಭಾವದಿಂದ ತುಂಬಲಾಗುವುದು.’ ಯಾರೂ ಬರೆಯಲಿಲ್ಲ. ಎರಡು ಹುದ್ದೆಗಳಿಗೆ ಅದೇ ಸಭೆಯಲ್ಲಿ ಮಂಜೂರಾತಿ ಸಿಕ್ಕಿತು.

ತೀವ್ರ ನಿಗಾ ಘಟಕದ ಶುಶ್ರೂಷಕ, ಈಗ ಗುಣಮಟ್ಟ ವಿಭಾಗದ ಮುಖ್ಯಸ್ಥ:

ನನಗೆ ದೇವರಲ್ಲಿ ನಂಬಿಕೆಯಿಲ್ಲ, ಆದರೂ ಮೇಲಿನ ಉತ್ತರಕ್ಕೆ ನನ್ನ ಪೂರ್ತಿ ಒಪ್ಪಿಗೆಯಿದೆ.

‘ಮನೋಸ್ಥೈರ್ಯ’ ಎಂಬ ಮಾತಿನ ಮೇಲೂ ಅಷ್ಟೇ ಅನುಮಾನ ಇಟ್ಟುಕೊಳ್ಳಿ. ನಮ್ಮಲ್ಲಿ ಶುಶ್ರೂಷಕಿಯರು ಸಾಲಾಗಿ ರಾಜೀನಾಮೆ ಕೊಟ್ಟಾಗ ಉಳಿದವರಿಗೆ ಒತ್ತಡ ನಿಭಾಯಿಸುವ ತರಬೇತಿ ಏರ್ಪಡಿಸಿದರು, ಅದೂ ರಾತ್ರಿ ಪಾಳಿ ಮುಗಿಸಿದವರನ್ನು ತಡೆದು ಕೂರಿಸಿ! ದಣಿವಿಗೂ ಇನ್ನೊಂದಕ್ಕೂ ವ್ಯತ್ಯಾಸವಿದೆ. ಮಾಡಬೇಕಾದ ಸರಿಯಾದ ಕೆಲಸ ಯಾವುದೆಂದು ಕಣ್ಣೆದುರೇ ಗೊತ್ತಿದ್ದು, ವ್ಯವಸ್ಥೆ ಅದಕ್ಕೆ ಬಿಡದಿದ್ದಾಗ ಹುಟ್ಟುವ ಸಂಕಟವನ್ನು ಅಮೆರಿಕದ ತತ್ವಶಾಸ್ತ್ರಜ್ಞ ಆಂಡ್ರ್ಯೂ ಜೇಮ್ಟನ್ 1984ರಲ್ಲಿ ‘ನೈತಿಕ ಯಾತನೆ’ ಎಂದು ಗುರುತಿಸಿದರು. ದಣಿವಾದರೆ ನಿದ್ದೆಯಲ್ಲಿ ಹೋಗುತ್ತದೆ. ಈ ಯಾತನೆ ಹೋಗಬೇಕಾದರೆ ವಾರ್ಡಿಗೆ ಇನ್ನೊಬ್ಬರು ಬರಬೇಕು.

ಇದನ್ನು ಮಂಡಳಿಗೆ ಹೇಳಲು ಸಾಕ್ಷ್ಯ ಬೇಕೇ? ಲಿಂಡಾ ಐಕನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳನ್ನು ಅಧ್ಯಯನ ಮಾಡಿ 2002ರಲ್ಲಿ ಪ್ರಕಟಿಸಿದ ವರದಿ ಹಿಡಿದುಕೊಳ್ಳಿ. ಒಬ್ಬ ಶುಶ್ರೂಷಕಿಯ ಪಾಲಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ, ಶಸ್ತ್ರಚಿಕಿತ್ಸೆಯ ರೋಗಿಗಳು 30 ದಿನಗಳೊಳಗೆ ಸಾಯುವ ಸಂಭವ ಶೇ. 7ರಷ್ಟು ಏರುತ್ತಿತ್ತು. ನಾನು ಇದನ್ನು ನಮ್ಮ ಪಾಳಿಪಟ್ಟಿಯ ಪಕ್ಕದಲ್ಲಿಟ್ಟು ಕೊಡುತ್ತೇನೆ, ವಿವರಣೆ ಸೇರಿಸುವುದಿಲ್ಲ.

ಇನ್ನೊಂದು ವಿಷಯ. ಅಸಮಾನತೆ ಎಂದರೆ ಬಡತನ ಮಾತ್ರ ಎಂದುಕೊಳ್ಳಬೇಡಿ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಚರ್ಮದ ಬಣ್ಣಕ್ಕೆ ತಕ್ಕಂತೆ ತಪ್ಪುತ್ತದೆ. ಅಮೆರಿಕದಲ್ಲಿ 2020ರಲ್ಲಿ ಹೊರಬಂದ ಅಧ್ಯಯನದಲ್ಲಿ, ಆಕ್ಸಿಮೀಟರ್ 92ರಿಂದ 96 ತೋರಿಸುತ್ತಿದ್ದಾಗಲೂ ರಕ್ತ ತೆಗೆದು ನೋಡಿದರೆ ಆಮ್ಲಜನಕ ಅಪಾಯದ ಮಟ್ಟಕ್ಕಿಳಿದಿದ್ದ ಪ್ರಸಂಗಗಳು ಕಪ್ಪು ರೋಗಿಗಳಲ್ಲಿ ಶೇ. 11.7, ಬಿಳಿಯರಲ್ಲಿ ಶೇ. 3.6. ಉಪಕರಣ ಖರೀದಿ ಸಮಿತಿಯಲ್ಲಿ ಶುಶ್ರೂಷಕಿ ಏಕೆ ಕೂರಬೇಕೆಂದು ಯಾರಾದರೂ ಕೇಳಿದರೆ ಇದನ್ನೇ ಹೇಳಿ. ರೋಗಿ ಏದುಸಿರು ಬಿಡುತ್ತಿದ್ದಾನೆ, ಪರದೆಯ ಅಂಕಿ ಮಾತ್ರ ಚೆನ್ನಾಗಿದೆ ಎಂದು ಮೊದಲು ಗಮನಿಸುವವರು ನಾವೇ.

ಹುದ್ದೆ ಬಿಟ್ಟು ವಾರ್ಡಿಗೆ ಮರಳಿದವರು:

ಎಲ್ಲರೂ ಹೋಗಿ ಎನ್ನುತ್ತಿದ್ದಾರೆ. ನಾನು ಹೋಗಿ, ಬಿಟ್ಟು ಬಂದವಳು, ಅದಕ್ಕೆ ಬೇಸರವೂ ಇಲ್ಲ. ನನಗೆ ಕೊಟ್ಟದ್ದು ಕುರ್ಚಿ ಮಾತ್ರ. ಶುಶ್ರೂಷಕಿಯರ ಸಂಬಳದ ಲೆಕ್ಕ ಬೇರೆಯವರ ಕೈಯಲ್ಲಿತ್ತು, ನೇಮಕ ಇನ್ನೊಬ್ಬರ ಕೈಯಲ್ಲಿ. ನನ್ನ ಕೈಯಲ್ಲಿದ್ದದ್ದು ಸಮವಸ್ತ್ರದ ಬಣ್ಣ.

ವಿಶ್ವ ಆರೋಗ್ಯ ಸಂಸ್ಥೆಯ 2019ರ ವರದಿಯ ಪ್ರಕಾರ ಜಗತ್ತಿನ ಆರೋಗ್ಯ ಕ್ಷೇತ್ರದ ಕೆಲಸಗಾರರಲ್ಲಿ ಹೆಂಗಸರು ಸುಮಾರು ಶೇ. 70, ಉನ್ನತ ಹುದ್ದೆಗಳಲ್ಲಿ ಬರೀ ಶೇ. 25. ಆ 25ರಲ್ಲಿ ಎಷ್ಟು ಜನರಿಗೆ ಖರ್ಚಿನ ಅಧಿಕಾರವಿದೆ ಎಂದು ಯಾರಾದರೂ ಎಣಿಸಿದ್ದರೆ ಚೆನ್ನಾಗಿತ್ತು.

ಒಪ್ಪುವ ಮುನ್ನ ಕೇಳಿ, ಬರಹದಲ್ಲೇ ಕೇಳಿ. ಶುಶ್ರೂಷಾ ವಿಭಾಗದ ಬಜೆಟ್ ಯಾರ ಸಹಿಯಿಂದ ನಡೆಯುತ್ತದೆ? ನೀವು ನೇರವಾಗಿ ಮುಖ್ಯ ಕಾರ್ಯನಿರ್ವಹಣಾಧಿಕಾರಿಗೆ ವರದಿ ಮಾಡುತ್ತೀರೋ, ನಡುವೆ ಇನ್ನೊಬ್ಬರಿದ್ದಾರೋ? ಸಿಬ್ಬಂದಿ ಸಾಲದೆ ಹೋದ ರಾತ್ರಿ ವಾರ್ಡಿಗೆ ಹೊಸ ರೋಗಿಗಳನ್ನು ದಾಖಲಿಸಬೇಡಿ ಎನ್ನುವ ಅಧಿಕಾರ ನಿಮಗಿದೆಯೋ? ಮೂರನೆಯದಕ್ಕೆ ನನಗೆ ನಗು ಸಿಕ್ಕಿತ್ತು.

ಶುಶ್ರೂಷಾ ನಿರ್ದೇಶಕಿ:

ಇವರು ಹೇಳಿದ ಮೂರೂ ಪ್ರಶ್ನೆ ಚಿನ್ನದಂಥವು. ನನ್ನದೊಂದು ಸಣ್ಣ ಸೇರ್ಪಡೆ: ಹುದ್ದೆ ಸಿಗುವವರೆಗೆ ಕಾಯದೆ ಈಗಿನಿಂದಲೇ ಡಿಸ್ಚಾರ್ಜ್ ಹಾಳೆಗಳನ್ನು ಓದಿ. ನಮ್ಮ ಹಾಳೆಯಲ್ಲಿ ‘ಇನ್ಸುಲಿನ್ ಫ್ರಿಜ್ಜಿನಲ್ಲಿಡಿ’ ಎಂದಷ್ಟೇ ಅಚ್ಚಾಗಿತ್ತು. ಫ್ರಿಜ್ಜಿಲ್ಲದ ಮುದುಕರೊಬ್ಬರು ಔಷಧ ಕೆಟ್ಟಿರಬೇಕೆಂದು ಬಾಟಲಿ ಎಸೆದು, ಸಕ್ಕರೆ ಏರಿ ಮತ್ತೆ ದಾಖಲಾದರು. ಬಳಸುತ್ತಿರುವ ಬಾಟಲಿಯನ್ನು ಬಿಸಿಲು, ಬಿಸಿ ತಾಗದಂತೆ ತಣ್ಣಗಿನ ಜಾಗದಲ್ಲಿಟ್ಟರೆ ಹೆಚ್ಚಿನ ಇನ್ಸುಲಿನ್‌ಗಳು ಸುಮಾರು ನಾಲ್ಕು ವಾರ ಇರುತ್ತವೆ ಎಂಬ ಸಾಲು ಸೇರಿಸಿದೆವು. ಜೊತೆಗೆ, ಮನೆಗೆ ಕಳಿಸುವ ಮುನ್ನ ‘ಇದನ್ನು ಎಲ್ಲಿಡುತ್ತೀರಿ’ ಎಂದು ಕೇಳುವುದನ್ನು ಶುಶ್ರೂಷಕಿಯ ಪರಿಶೀಲನಾ ಪಟ್ಟಿಗೆ ಹಾಕಿದೆವು. ನಿಮ್ಮಲ್ಲಿ ಮರಳಿ ಬರುವವರ ಹಾಳೆಗಳಲ್ಲಿ ಇಂಥ ಸಾಲುಗಳು ಸಿಗುತ್ತವೆ. ಹುಡುಕಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ವಂದನೆ. ಮೂರೂ ಪ್ರಶ್ನೆಗಳನ್ನು ಬರೆದು ಕೊಟ್ಟೆ. ವರದಿ ಮಾಡುವುದು ನೇರವಾಗಿ ಎಂದಿದ್ದಾರೆ. ಬಜೆಟ್ ‘ಚರ್ಚಿಸಬಹುದು’ ಎಂದಿದ್ದಾರೆ. ಮೂರನೆಯದಕ್ಕೆ ನಗಲಿಲ್ಲ, ಉತ್ತರವನ್ನೂ ಕೊಟ್ಟಿಲ್ಲ. ಅದು ಬರುವವರೆಗೆ ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕುವುದಿಲ್ಲ ಎಂದು ತಿಳಿಸಿದ್ದೇನೆ. ಅಷ್ಟರಲ್ಲಿ, ಮರಳಿ ದಾಖಲಾದವರ ಹಾಳೆಗಳನ್ನು ಉಪಾಹಾರದ ಬಿಡುವಿನಲ್ಲಿ ನೋಡತೊಡಗಿದ್ದೇನೆ. ‘ಉಪ್ಪು ಕಡಿಮೆ, ವಿಶ್ರಾಂತಿ ಹೆಚ್ಚು’ ಎಂಬ ಸಾಲು ಮೂಟೆ ಹೊರುವವರ ಹಾಳೆಯಲ್ಲೂ ಹಾಗೆಯೇ ಇದೆ. ಹೃದಯ ವೈಫಲ್ಯದ ರೋಗಿಗಳಿಗೆ ದುಡಿಮೆ ನೋಡಿಕೊಂಡು ಸಲಹೆ ಬರೆದುಕೊಡುವ ಪದ್ಧತಿ ನಿಮ್ಮಲ್ಲಿ ಯಾರಲ್ಲಾದರೂ ಇದ್ದರೆ ಅದರ ನಮೂನೆ ಹೇಗಿದೆ ಎಂದು ತಿಳಿಸುತ್ತೀರಾ?